ಭಂಡಾರಿಯ ಮೊದಲ ಲೆಕ್ಕ

'ದೃಶ್' ಧಾತುವಿನಿಂದಾದ ದರ್ಶನವೆಂಬ ಮಾತಿಗೆ 'ಸಂ' ಎಂಬ ಉಪಸರ್ಗವು ಸೇರಿ 'ಸಂದರ್ಶನ'ವೆಂಬ ಪದವಾಯಿತು. ಚೆನ್ನಾಗಿ ನೋಡುವುದು, ಸಮಗ್ರವಾಗಿ ನೋಡುವುದು ಎಂದು ಅದರ ಅರ್ಥ. ಗುರುಹಿರಿಯರನ್ನು ಕಾಣಹೋಗುವುದಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಇಂದಿನ ದಿನಗಳಲ್ಲಿ ಈ ಶಬ್ದವು ಕಿವಿಗೆ ಬಿದ್ದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಬೇರೆಯೇ ಚಿತ್ರ. ಉದ್ಯೋಗವನ್ನು ಅರಸಿ ಹೋದ ಯುವಕನೋ ಯುವತಿಯೋ ಮೇಜಿನ ಈಚೆಗೆ ಕುಳಿತಿರುತ್ತಾರೆ. ಆಚೆಗೆ ಕುಳಿತ ಮೂವರು ನಾಲ್ವರು ಪ್ರಶ್ನೆಗಳನ್ನು ಕೇಳುತ್ತಿರುತ್ತಾರೆ. ಅರ್ಧಗಂಟೆಯ ಆ ಮಾತುಕತೆಯಲ್ಲಿ ಒಬ್ಬನ ಹತ್ತು ವರ್ಷಗಳ ಓದು, ಒಂದು ಮನೆಯ ಸಾಲ, ತಂದೆತಾಯಿಗಳ ಆಸೆ ಇವೆಲ್ಲವೂ ತೂಗಲ್ಪಡುತ್ತವೆ. ಅಲ್ಲಿ ಆಡುವ ಮಾತಿನ ಸತ್ಯಾಸತ್ಯತೆಯನ್ನು ಕುರಿತು ವಿಚಾರಮಾಡುವುದು ಗೃಹಸ್ಥರೆಲ್ಲರಿಗೂ ಅವಶ್ಯಕವಾಗಿದೆ.

ಎಲ್ಲ ಉದ್ಯೋಗಗಳ ಸಂದರ್ಶನವನ್ನೂ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿಲ್ಲ. ದೊಡ್ಡ ಕಂಪನಿಗಳ ಹಣಕಾಸಿನ ವ್ಯವಸ್ಥಾಪಕ ಹುದ್ದೆಗಳಿಗೆ ನಡೆಯುವ ಸಂದರ್ಶನವಷ್ಟೇ ಪ್ರಸ್ತುತ ವಿಷಯ. ದಾವಣಗೆರೆ, ಹುಬ್ಬಳ್ಳಿ, ಕಲಬುರಗಿ, ತುಮಕೂರುಗಳ ಮನೆಗಳಿಂದ ಎಷ್ಟೋ ಮಂದಿ ಮಕ್ಕಳು ವಾಣಿಜ್ಯಶಾಸ್ತ್ರವನ್ನು ಓದಿ, ೧೯೪೯ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪಿತವಾದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಕಠಿಣ ಪರೀಕ್ಷೆಗಳನ್ನು ದಾಟಿ, ಅಥವಾ ವ್ಯವಹಾರ ನಿರ್ವಹಣೆಯ ಪದವಿಯನ್ನು ಪಡೆದು, ಬೆಂಗಳೂರಿನ ಕಂಪನಿಗಳ ಬಾಗಿಲಿಗೆ ಹೋಗುತ್ತಿದ್ದಾರೆ. ಹೊರದೇಶದ ಕಂಪನಿಗಳು ತಮ್ಮ ಲೆಕ್ಕಪತ್ರ, ಖಜಾನೆ, ಆಯವ್ಯಯದ ಯೋಜನೆ, ಒಳಪರಿಶೋಧನೆ ಇತ್ಯಾದಿ ಕಾರ್ಯಗಳನ್ನು ಆ ನಗರದಿಂದಲೇ ನಡೆಸುತ್ತಿರುವುದರಿಂದ ಈ ಹುದ್ದೆಗಳು ಹೆಚ್ಚಿವೆ. ಅವುಗಳನ್ನು ಬಯಸುವವರು ಇನ್ನೂ ಹೆಚ್ಚಿದ್ದಾರೆ.

ಹಣಕಾಸಿನ ವ್ಯವಸ್ಥಾಪಕನ ಕಾರ್ಯದಲ್ಲಿ ಒಂದು ವಿಶೇಷವಿದೆ. ಅಂಗಡಿಯ ಯಜಮಾನನು ತನ್ನ ರೋಜುಕಿರ್ದಿಯನ್ನು ತಾನೇ ಬರೆಯುವಾಗ ಲೆಕ್ಕ ತಪ್ಪಿದರೆ ಕೆಡುವುದು ಅವನದೇ ಗಂಟು. ಕಂಪನಿಯಲ್ಲಿ ಹಣ ಹೂಡಿದವರು ಒಬ್ಬರು. ಲೆಕ್ಕವನ್ನು ಬರೆಯುವವರು ಮತ್ತೊಬ್ಬರು. ಆ ಲೆಕ್ಕವನ್ನು ನಂಬಿ ಸಾಲ ಕೊಡುವವರೂ ಷೇರು ಕೊಳ್ಳುವವರೂ ಮಗದೊಬ್ಬರು. ಎಲ್ಲಿಯೋ ಒಂದು ಊರಿನಲ್ಲಿ ನಿವೃತ್ತನಾದ ಉಪಾಧ್ಯಾಯನು ಇಟ್ಟ ಉಳಿತಾಯವು ಆ ಲೆಕ್ಕದ ಅಂಕೆಗಳ ಮೇಲೆ ನಿಂತಿರುತ್ತದೆ. ಆದುದರಿಂದಲೇ ೨೦೧೩ರ ಕಂಪನಿ ಕಾಯಿದೆಯು ತನ್ನ ೨೦೩ನೆಯ ಕಲಮಿನಲ್ಲಿ, ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪನಿಗೂ ಪೂರ್ಣಕಾಲದ ಮುಖ್ಯ ಹಣಕಾಸು ಅಧಿಕಾರಿ ಇರಲೇಬೇಕೆಂದು ವಿಧಿಸಿದೆ. ಅದೇ ಕಾಯಿದೆಯ ೪೪೭ನೆಯ ಕಲಮು ದೊಡ್ಡ ಮೊತ್ತದ ವಂಚನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನು ಹೇಳುತ್ತದೆ. ಅಂಕೆಯಲ್ಲಿ ಸತ್ಯವನ್ನು ಕಾಯುವುದೇ ಈ ಹುದ್ದೆಯ ಸಾರವೆಂದಾಯಿತು.

ಇಂತಹ ಹುದ್ದೆಗೆ ಆಯ್ಕೆ ನಡೆಯುವ ಕ್ರಮವು ಸುಲಭವಾದುದಲ್ಲ. ಮೊದಲು ಅರ್ಜಿ ಮತ್ತು ಸ್ವವಿವರದ ಪತ್ರ. ಬಳಿಕ ದೂರವಾಣಿಯಲ್ಲಿ ಒಂದು ಮಾತುಕತೆ. ಆಮೇಲೆ ಲೆಕ್ಕದ ಪರೀಕ್ಷೆ. ಅನಂತರ ವಿಭಾಗದ ಹಿರಿಯರೊಡನೆ ಎರಡು ಮೂರು ಸುತ್ತು. ಕೊನೆಗೆ ಸಂಬಳದ ಮಾತು. ಅದಾದ ಮೇಲೆಯೂ ಹಿಂದಿನ ಉದ್ಯೋಗದ ವಿವರಗಳನ್ನು ವಿಚಾರಿಸಿ ನೋಡುವುದುಂಟು. ಈಚೆಗೆ ಎದುರಿಗೆ ಮನುಷ್ಯನ ಮುಖವೇ ಇಲ್ಲದೆ, ಯಂತ್ರದ ತೆರೆಯ ಮೇಲೆ ಮೂಡಿದ ಪ್ರಶ್ನೆಗೆ ಉತ್ತರವನ್ನು ಮುದ್ರಿಸಿ ಕಳುಹಿಸುವ ಪದ್ಧತಿಯೂ ಬಂದಿದೆ. ಉತ್ತರ ಹೇಳಿದವನಿಗೆ ಅದು ಯಾರ ಮನಸ್ಸನ್ನು ಮುಟ್ಟಿತೆಂಬುದೂ ತಿಳಿಯದು.

ಅಲ್ಲಿ ಕೇಳುವ ಪ್ರಶ್ನೆಗಳು ಎರಡು ಬಗೆ. ಮೊದಲನೆಯವು ವಿದ್ಯೆಯನ್ನು ಕುರಿತವು. ಉದಾಹರಣೆಗೆ, ಯಂತ್ರೋಪಕರಣಗಳ ಸವಕಳಿಯ ವೆಚ್ಚವು ಹತ್ತು ರೂಪಾಯಿ ಹೆಚ್ಚಾದರೆ ಕಂಪನಿಯ ಮೂರು ಮುಖ್ಯ ಪಟ್ಟಿಗಳಲ್ಲಿ ಏನೇನಾಗುವುದು ಎಂಬುದು ಬಹಳ ಪ್ರಸಿದ್ಧವಾದ ಪ್ರಶ್ನೆ. ತೆರಿಗೆಯು ನೂರಕ್ಕೆ ೩೦ ಎಂದಿಟ್ಟುಕೊಂಡರೆ, ತೆರಿಗೆಯಲ್ಲಿ ೩ ರೂಪಾಯಿ ಉಳಿಯುವುದರಿಂದ ಲಾಭವು ೭ ರೂಪಾಯಿ ಕುಗ್ಗುತ್ತದೆ. ಸವಕಳಿಗಾಗಿ ಕೈಯಿಂದ ಹಣ ಹೋಗುವುದಿಲ್ಲವಾದ್ದರಿಂದ ನಗದು ೩ ರೂಪಾಯಿ ಹೆಚ್ಚುತ್ತದೆ. ಅಢಾವೆ ಪತ್ರಿಕೆಯಲ್ಲಿ ಯಂತ್ರದ ಬೆಲೆ ೧೦ ಇಳಿದು, ನಗದು ೩ ಏರಿ, ಆಸ್ತಿಯ ಕಡೆ ಒಟ್ಟು ೭ ಕಡಿಮೆಯಾಗುತ್ತದೆ. ಎದುರು ಬದಿಯಲ್ಲಿ ಉಳಿಕೆ ಲಾಭವೂ ಅಷ್ಟೇ ಕಡಿಮೆಯಾಗಿ ಎರಡೂ ಬದಿಗಳು ಸರಿದೂಗುತ್ತವೆ. ಲಾಭ ಕುಗ್ಗಿದರೂ ನಗದು ಹಿಗ್ಗಿತೆಂಬ ಈ ಎರಡು ಸತ್ಯಗಳನ್ನು ಏಕಕಾಲದಲ್ಲಿ ಕಾಣಬಲ್ಲವನಿಗೆ ಲೆಕ್ಕದ ಮರ್ಮ ತಿಳಿದಿದೆ ಎಂದು ಪರೀಕ್ಷಕರು ಗ್ರಹಿಸುತ್ತಾರೆ. ಇಂತಹ ಪ್ರಶ್ನೆಯಲ್ಲಿ ಧರ್ಮಸಂಕಟವಿಲ್ಲ. ತಿಳಿದಿದ್ದರೆ ಹೇಳಬಹುದು, ತಿಳಿಯದಿದ್ದರೆ ಓದಿಕೊಂಡು ಬರಬಹುದು.

ಸಂಕಟವಿರುವುದು ಎರಡನೆಯ ಬಗೆಯಲ್ಲಿ. ನಿಮ್ಮ ವಿಷಯವನ್ನು ಹೇಳಿರಿ; ನಿಮ್ಮ ದೌರ್ಬಲ್ಯವೇನು; ಹಿಂದಿನ ಕೆಲಸವನ್ನು ಏಕೆ ಬಿಡುತ್ತಿದ್ದೀರಿ; ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ; ಈಗ ಎಷ್ಟು ಸಂಬಳ ಬರುತ್ತಿದೆ. ಈ ಪ್ರಶ್ನೆಗಳಿಗೆ ಯಾವ ಪುಸ್ತಕದಲ್ಲಿಯೂ ಉತ್ತರವಿಲ್ಲ. ಅಭ್ಯರ್ಥಿಯು ತನ್ನ ಬಾಳಿನ ಲೆಕ್ಕವನ್ನೇ ತೆರೆದಿಡಬೇಕಾಗುತ್ತದೆ. ಅಲ್ಲಿ ಅವನ ಸಾಕ್ಷಿ ಅವನೊಬ್ಬನೇ.

ಈ ಕಷ್ಟವನ್ನು ಕಂಡು ಅದನ್ನೇ ವೃತ್ತಿಯಾಗಿ ಮಾಡಿಕೊಂಡವರೂ ಇದ್ದಾರೆ. ಇಂತಹ ಪ್ರಶ್ನೆಗೆ ಇಂತಹ ಉತ್ತರವೆಂದು ಕಲಿಸಿಕೊಡುತ್ತಾರೆ. ಸಂದರ್ಭವನ್ನು ಮೊದಲು ಹೇಳು, ನಿನಗೆ ಒಪ್ಪಿಸಿದ ಕಾರ್ಯವನ್ನು ಬಳಿಕ ಹೇಳು, ನೀನು ಮಾಡಿದ್ದನ್ನೂ ಅದರ ಫಲವನ್ನೂ ಕೊನೆಗೆ ಹೇಳು ಎಂದು ಕ್ರಮವನ್ನು ತಿಳಿಸುವುದರಲ್ಲಿ ದೋಷವೇನೂ ಇಲ್ಲ, ಮಾತು ಅಚ್ಚುಕಟ್ಟಾಗಿರಬೇಕಾದುದೇ. ಆದರೆ ಕ್ರಮದ ಜೊತೆಗೆ ಕಥೆಯನ್ನೂ ಎರವಲು ಕೊಡುವವರಿದ್ದಾರೆ. ಮತ್ತೊಬ್ಬನ ಅನುಭವವನ್ನು ತನ್ನದೆಂದು ಹೇಳಿಕೊಳ್ಳುವ ಅಭ್ಯಾಸ ಅಲ್ಲಿಂದ ಮೊದಲಾಗುತ್ತದೆ. ದೌರ್ಬಲ್ಯವೇನೆಂದು ಕೇಳಿದರೆ, ಎಲ್ಲವೂ ಪರಿಪೂರ್ಣವಾಗಿಯೇ ಇರಬೇಕೆಂಬ ಹಂಬಲವೇ ನನ್ನ ದೌರ್ಬಲ್ಯ ಎಂದು ಗುಣವನ್ನೇ ದೋಷದ ವೇಷದಲ್ಲಿ ತಂದು ನಿಲ್ಲಿಸುವ ಉತ್ತರವು ಈಗ ಎಷ್ಟು ಸವೆದುಹೋಗಿದೆಯೆಂದರೆ, ಕೇಳುವವರು ಅದನ್ನು ಕೇಳಿಯೂ ಕೇಳದಂತಿರುತ್ತಾರೆ.

ಇಬ್ಬರು ಅಭ್ಯರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಕಂಪನಿಯೊಂದರಲ್ಲಿ ಹಳೆಯ ಲೆಕ್ಕಪದ್ಧತಿಯನ್ನು ತೆಗೆದು ಗಣಕಯಂತ್ರದ ಹೊಸ ಪದ್ಧತಿಯನ್ನು ತಂದಾಗ ಇಬ್ಬರೂ ಅಲ್ಲಿದ್ದವರು. ಮೊದಲನೆಯವನು ತನ್ನ ಪತ್ರದಲ್ಲಿ, ಆ ಕಾರ್ಯವನ್ನೆಲ್ಲ ತಾನೇ ಮುಂದೆ ನಿಂತು ನಡೆಸಿದೆನೆಂದು ಬರೆದುಕೊಂಡಿದ್ದಾನೆ. ಸಂದರ್ಶಕರು ಮೊದಲ ಪ್ರಶ್ನೆಯಲ್ಲಿ ಅದನ್ನು ಮೆಚ್ಚುತ್ತಾರೆ. ಎರಡನೆಯದರಲ್ಲಿ, ಹಳೆಯ ಶಿಲ್ಕುಗಳನ್ನು ಹೊಸ ಖಾತೆಗಳಿಗೆ ಒಯ್ಯುವಾಗ ವ್ಯತ್ಯಾಸ ಬಂದಿತೆ ಎಂದು ಕೇಳುತ್ತಾರೆ. ಮೂರನೆಯದರಲ್ಲಿ, ಆ ವ್ಯತ್ಯಾಸವನ್ನು ಯಾವ ಖಾತೆಯಲ್ಲಿ ಇರಿಸಿದಿರಿ, ಯಾರ ಒಪ್ಪಿಗೆ ಪಡೆದಿರಿ ಎಂದು ಕೇಳುತ್ತಾರೆ. ಅಲ್ಲಿಗೆ ಅವನ ಮಾತು ತಡವರಿಸುತ್ತದೆ. ಎರಡನೆಯವಳು ಚಾರ್ಟರ್ಡ್ ಅಕೌಂಟೆಂಟ್ ಅಂತಿಮ ಪರೀಕ್ಷೆಯನ್ನು ನಾಲ್ಕನೆಯ ಸಲಕ್ಕೆ ಮುಗಿಸಿದವಳು. ಅದನ್ನು ಹೇಳುವಾಗ ಅವಳ ದನಿ ತಗ್ಗುತ್ತದೆ. ಹೊಸ ಪದ್ಧತಿಯ ಕಾರ್ಯದಲ್ಲಿ ನಿಮ್ಮ ಪಾಲೇನು ಎಂದರೆ, ಸರಕು ಒದಗಿಸುವವರ ಖಾತೆಗಳನ್ನು ತಾಳೆ ನೋಡುವ ಕೆಲಸವಷ್ಟೇ ತನ್ನದಾಗಿತ್ತೆಂದೂ, ಹಾಗೆ ನೋಡುವಾಗ ಒಂದೇ ಬಿಲ್ಲಿಗೆ ಎರಡು ಸಲ ಹಣ ಸಂದಾಯವಾದುದು ಕಣ್ಣಿಗೆ ಬಿದ್ದಿತೆಂದೂ, ಅದನ್ನು ಮೇಲಿನವರಿಗೆ ತಿಳಿಸಿ ಹಣವನ್ನು ಹಿಂದಕ್ಕೆ ತರಿಸಿದೆನೆಂದೂ ಹೇಳುತ್ತಾಳೆ. ಮೂರಲ್ಲ, ಹತ್ತು ಪ್ರಶ್ನೆ ಕೇಳಿದರೂ ಅವಳ ಉತ್ತರ ಗಟ್ಟಿಯಾಗಿ ನಿಲ್ಲುತ್ತದೆ. ಏಕೆಂದರೆ ಅದು ಕಂಠಪಾಠದ ಮಾತಲ್ಲ. ಮಾಡಿದ ಕಾಯಕದ ಮಾತು.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನವು ನೀತಿಕಥೆಯಾದೀತು. ಲೋಕವು ಅಷ್ಟು ಸರಳವಾಗಿಲ್ಲ. ಎಷ್ಟೋ ಕಡೆ ಎರಡನೆಯ ಪ್ರಶ್ನೆಯನ್ನು ಕೇಳುವಷ್ಟು ತಾಳ್ಮೆ ಸಂದರ್ಶಕರಿಗಿರುವುದಿಲ್ಲ. ಮೊದಲನೆಯವನಿಗೆ ಹುದ್ದೆ ದೊರೆತು, ಎರಡನೆಯವಳು ಬಸ್ಸು ಹಿಡಿದು ಊರಿಗೆ ಮರಳುವುದೂ ಉಂಟು. ಆದುದರಿಂದ ಎದುರುಪಕ್ಷದ ಮಾತನ್ನು ಪೂರ್ತಿಯಾಗಿ ಕೇಳಬೇಕು.

ಪೂರ್ವಪಕ್ಷದವರು ಎರಡು ಮಾತುಗಳನ್ನು ಹೇಳುತ್ತಾರೆ. ಮೊದಲನೆಯದು ಹೀಗೆ: ಆತ್ಮಸ್ತುತಿಯನ್ನು ಹಿರಿಯರೆಲ್ಲರೂ ನಿಂದಿಸಿದ್ದಾರೆ, ತನ್ನ ಗುಣವನ್ನು ತಾನೇ ಹೇಳಿಕೊಳ್ಳಬಾರದೆಂದು ಮನೆಯಲ್ಲಿ ಕಲಿತ ಮಗು ಸಂದರ್ಶನದಲ್ಲಿ ಬಾಯಿ ಬಿಡಲಾರದು, ಹೀಗಾಗಿ ಇಂತಹ ಸಂಸ್ಕಾರವೇ ಅದರ ಅನ್ನಕ್ಕೆ ಅಡ್ಡಿಯಾಗುತ್ತದೆ. ಎರಡನೆಯದು ಇನ್ನೂ ಗಟ್ಟಿಯಾದುದು: ಸಂದರ್ಶನವು ಸಂತೆಯಿದ್ದಂತೆ, ಮಾರುವವನು ಬೆಲೆ ಏರಿಸಿ ಹೇಳುತ್ತಾನೆ, ಕೊಳ್ಳುವವನು ಇಳಿಸಿ ಕೇಳುತ್ತಾನೆ, ಇಬ್ಬರಿಗೂ ಅದು ತಿಳಿದೇ ಇದೆ, ಕಂಪನಿಯೂ ತನ್ನನ್ನು ತಾನು ಹೊಗಳಿಕೊಂಡೇ ಕರೆಯುತ್ತದೆ, ಎಲ್ಲರೂ ನೂರನ್ನು ನೂರಿಪ್ಪತ್ತೆಂದು ಹೇಳುವಲ್ಲಿ ನೂರನ್ನು ನೂರೆಂದವನು ಎಂಬತ್ತಕ್ಕೆ ಬೀಳುತ್ತಾನೆ, ಆದುದರಿಂದ ಅಲ್ಲಿ ತುಸು ಹೆಚ್ಚಿಸಿ ಹೇಳುವುದು ಸುಳ್ಳಾಗದು.

ಮೊದಲನೆಯ ಮಾತಿಗೆ ಸಮಾಧಾನವನ್ನು ಬಸವಣ್ಣನವರ ಚರಿತ್ರೆಯಲ್ಲಿಯೇ ಕಾಣಬಹುದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಒಂದು ರಾಜ್ಯದ ಮುಖ್ಯ ಹಣಕಾಸು ಅಧಿಕಾರಿ. ಆ ವೃತ್ತಿಗೆ ಅವರು ಪ್ರವೇಶಿಸಿದ ಬಗೆಯನ್ನು ಹರಿಹರನು ಬಸವರಾಜದೇವರ ರಗಳೆಯಲ್ಲಿ ಚಿತ್ರಿಸಿದ್ದಾನೆ. ಮಂಗಳವಾಡಕ್ಕೆ ಬಂದ ಬಸವಣ್ಣನವರು ಕರಣಿಕರು ಲೆಕ್ಕ ಮಾಡುತ್ತಿದ್ದೆಡೆಯಲ್ಲಿ ಅವರ ಲೆಕ್ಕದ ದೋಷವನ್ನು ತೋರಿಸಿಕೊಟ್ಟರು. ಅದನ್ನು ಮೆಚ್ಚಿದ ಸಿದ್ಧದಂಡಾಧಿಪನಿಂದ ಅವರಿಗೆ ಕರಣಿಕವೃತ್ತಿ ದೊರೆಯಿತು. ಅಲ್ಲಿ ಮೌನವೂ ಇಲ್ಲ, ಆತ್ಮಸ್ತುತಿಯೂ ಇಲ್ಲ. ಕಣ್ಣಮುಂದೆ ತಪ್ಪು ಲೆಕ್ಕ ನಡೆಯುತ್ತಿರುವಾಗ, ತಿಳಿದವನು ವಿನಯದ ಹೆಸರಿನಲ್ಲಿ ಸುಮ್ಮನಿರುವುದು ವಿನಯವಲ್ಲ. ತಿಳಿದುದನ್ನು ತೋರಿಸುವುದು ಸ್ತುತಿಯಲ್ಲ; ತೋರಿಸಲಾಗದುದನ್ನು ಹೇಳಿಕೊಳ್ಳುವುದು ಸ್ತುತಿ. ಮಾಡಿದ ಕಾಯಕವನ್ನು ಮಾಡಿದಷ್ಟೇ ಹೇಳುವವನು ತನ್ನನ್ನು ಹೊಗಳಿಕೊಳ್ಳುತ್ತಿಲ್ಲ, ಸಾಕ್ಷಿ ನುಡಿಯುತ್ತಿದ್ದಾನೆ. ಸಾಕ್ಷಿಯು ತನ್ನ ಪರವಾಗಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಮುಚ್ಚಿಡುವುದೂ ಲೆಕ್ಕದಲ್ಲಿ ಒಂದು ಜಮಾವನ್ನು ಬಿಟ್ಟಂತೆಯೇ ಸರಿ. ಹೆಣ್ಣುಮಕ್ಕಳಿಗೂ ಹಳ್ಳಿಯಿಂದ ಬಂದವರಿಗೂ ಈ ಮಾತನ್ನು ವಿಶೇಷವಾಗಿ ತಿಳಿಸಿಹೇಳಬೇಕಾಗಿದೆ. ಅವರಲ್ಲಿ ಅನೇಕರು ತಮ್ಮ ಪಾಲನ್ನು ಇದ್ದುದಕ್ಕಿಂತ ಕಡಿಮೆಯಾಗಿಯೇ ಹೇಳಿಕೊಳ್ಳುತ್ತಾರೆ.

ಎರಡನೆಯ ಮಾತು ಸಂತೆಯ ಹೋಲಿಕೆ. ಎಲ್ಲರಿಗೂ ತಿಳಿದ ಅತಿಶಯೋಕ್ತಿ ಸುಳ್ಳಲ್ಲವೆಂಬುದು ಕೆಲವೆಡೆ ನಿಜವಿರಬಹುದು. ಕಾವ್ಯದಲ್ಲಿ ಮುಖವನ್ನು ಚಂದ್ರನೆಂದರೆ ಯಾರೂ ಮೋಸ ಹೋಗುವುದಿಲ್ಲ. ಆದರೆ ಸಂದರ್ಶನದ ಮಾತನ್ನು ಕೇಳುವವನು ನಂಬಲೆಂದೇ ಹೇಳಲಾಗುತ್ತದೆ. ನಂಬಿದನೆಂದರೆ ಫಲ, ನಂಬದಿದ್ದರೆ ನಿಷ್ಫಲ. ನಂಬಿಸುವ ಉದ್ದೇಶದಿಂದ ಇಲ್ಲದುದನ್ನು ಇದೆಯೆಂದ ಮೇಲೆ ಅದು ಅಲಂಕಾರವಾಗಿ ಉಳಿಯುವುದಿಲ್ಲ. ಅದೂ ಬೇರೆ ಹುದ್ದೆಗಲ್ಲ, ಇಲ್ಲದ ಹಣವನ್ನು ಇದೆಯೆಂದು ಬರೆಯಬಾರದೆಂಬುದೇ ಪ್ರಾಣವಾಗಿರುವ ಹುದ್ದೆಗೆ. ಅಭ್ಯರ್ಥಿಯು ಆ ಮನೆಗೆ ಒಪ್ಪಿಸುವ ಮೊದಲ ಲೆಕ್ಕವೆಂದರೆ ತನ್ನ ಲೆಕ್ಕವೇ. ಆ ಲೆಕ್ಕದಲ್ಲಿಯೇ ನೂರಕ್ಕೆ ಇಪ್ಪತ್ತು ಸೇರಿಸಿದವನು ಮಾರ್ಚ್ ೩೧ರ ರಾತ್ರಿ ಕಂಪನಿಯ ಲೆಕ್ಕಕ್ಕೆ ಇಪ್ಪತ್ತು ಸೇರಿಸೆಂದು ಮೇಲಿನವರು ಹೇಳಿದಾಗ ಯಾವ ಬಾಯಿಂದ ಬೇಡವೆಂದಾನು?

ಇದು ಬರಿಯ ಶಂಕೆಯಲ್ಲ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷರು ೨೦೦೯ರ ಜನವರಿ ೭ರಂದು ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕಿನ ಶಿಲ್ಕಿನಲ್ಲಿ ೫,೦೪೦ ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ೨೦೧೫ರ ಏಪ್ರಿಲ್ ತಿಂಗಳಿನಲ್ಲಿ ಅಲ್ಲಿಯ ವಿಶೇಷ ನ್ಯಾಯಾಲಯವು ಹತ್ತು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು; ಅವರಲ್ಲಿ ಹಿಂದಿನ ಮುಖ್ಯ ಹಣಕಾಸು ಅಧಿಕಾರಿಯೂ ಒಬ್ಬರು. ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರಸಂಪರ್ಕ ಕಂಪನಿಯ ಸಂಗತಿ ಇನ್ನೂ ಮನಸ್ಸಿಗೆ ತಟ್ಟುವಂತಹುದು. ಅಲ್ಲಿ ದಿನನಿತ್ಯದ ವೆಚ್ಚವನ್ನು ಆಸ್ತಿಯೆಂದು ಬರೆದು ಲಾಭವನ್ನು ಉಬ್ಬಿಸಿದ್ದರು. ೨೦೦೨ರಲ್ಲಿ ಕಂಪನಿಯ ಒಳಪರಿಶೋಧಕರೇ ಅದನ್ನು ಹೊರಗೆಡಹಿದರು. ಆ ಸುಳ್ಳು ನಮೂದುಗಳನ್ನು ಮಾಡಿದವರಲ್ಲಿ ಮಧ್ಯಮ ದರ್ಜೆಯ ಒಬ್ಬ ಲೆಕ್ಕಾಧಿಕಾರಿಣಿಯಿದ್ದಳು. ಅವಳು ಕಳ್ಳಿಯಲ್ಲ, ತಾನು ಒಂದು ಕಾಸನ್ನೂ ಜೇಬಿಗಿಳಿಸಲಿಲ್ಲ. ಮೊದಲ ಸಲ ಮೇಲಿನವರು ಹೇಳಿದಾಗ ಬೆಚ್ಚಿದಳು. ಕೆಲಸ ಬಿಡುವ ಪತ್ರವನ್ನೂ ಸಿದ್ಧಪಡಿಸಿದಳು. ಆದರೆ ಮನೆಯ ಮುಖ್ಯ ಗಳಿಕೆ ಅವಳದೇ ಆಗಿತ್ತು. ಮೇಲಿನವರು ಇದೊಂದು ಸಲ ಮಾತ್ರವೆಂದು ಸಮಾಧಾನ ಹೇಳಿದರು. ಅವಳು ಉಳಿದಳು. ಒಂದು ಸಲ ಎನ್ನುವುದು ಹಲವು ಸಲವಾಯಿತು. ೨೦೦೫ರಲ್ಲಿ ಅವಳಿಗೆ ಐದು ತಿಂಗಳ ಸೆರೆವಾಸವಾಯಿತು.

ಈ ಹೆಣ್ಣುಮಗಳ ಕಥೆಯನ್ನು ಓದುವ ಗೃಹಸ್ಥರು ಅವಳನ್ನು ದೂರುವ ಮೊದಲು ತಮ್ಮ ಮನೆಯ ಸಾಲದ ಕಂತನ್ನೊಮ್ಮೆ ನೆನೆದುಕೊಳ್ಳಬೇಕು. ಅವಳನ್ನು ಕೆಡಿಸಿದುದು ದುರಾಸೆಯಲ್ಲ. ಮನೆಯ ಮೇಲಿನ ಮಮತೆ ಮತ್ತು ಅಂಜಿಕೆ. ಅಸತ್ಯವು ಮೊದಲ ದಿನ ಇಂತಹ ಒಳ್ಳೆಯ ಕಾರಣವನ್ನೇ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ. ಸಂದರ್ಶನದಲ್ಲಿ ನೂರನ್ನು ನೂರಿಪ್ಪತ್ತೆನ್ನುವವನ ಬಾಗಿಲಿಗೂ ಅದು ಬರುವುದು ಅದೇ ರೂಪದಲ್ಲಿ: ಮನೆಗಾಗಿ, ಮಕ್ಕಳಿಗಾಗಿ, ಇದೊಂದು ಸಲಕ್ಕೆ. ಬಾಗಿಲಲ್ಲಿಯೇ ಅದರ ಗುರುತು ಹಿಡಿಯಲು ಕಲಿತವನಿಗೆ ಮುಂದೆ ಒಳಕೋಣೆಯಲ್ಲಿ ಅದನ್ನು ಎದುರಿಸುವ ಬಲ ಬರುತ್ತದೆ.

ಹಾಗಾದರೆ ಎಲ್ಲ ಹೊಣೆಯೂ ಅಭ್ಯರ್ಥಿಯದೇ ಏನು? ಅಲ್ಲ. ಪರೀಕ್ಷಿಸುವವರಿಗೂ ಧರ್ಮವುಂಟು. ಭಂಡಾರದ ಕಾರ್ಯಕ್ಕೆ ಮನುಷ್ಯರನ್ನು ಪರೀಕ್ಷಿಸುವ ಕ್ರಮವು ಈ ದೇಶದಲ್ಲಿ ಬಹಳ ಹಿಂದಿನದು. ೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿ ಲೋಕಕ್ಕೆ ತಿಳಿಯಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಬಗೆಯ ಗುಪ್ತಪರೀಕ್ಷೆಗಳಿಂದ ಶೋಧಿಸಬೇಕೆಂದು ಹೇಳಿದೆ. ಹಣದ ಆಮಿಷದ ಪರೀಕ್ಷೆಯಲ್ಲಿ ಶುದ್ಧನೆಂದು ಕಂಡವನನ್ನು ಆದಾಯ ಸಂಗ್ರಹಿಸುವ ಸಮಾಹರ್ತೃವಿನ ಮತ್ತು ಕೋಶವನ್ನು ಕಾಯುವ ಸನ್ನಿಧಾತೃವಿನ ಕಾರ್ಯಗಳಲ್ಲಿ ನಿಯಮಿಸಬೇಕು. ಹಣವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿದ ಆ ಗ್ರಂಥಕಾರನು ಮನುಷ್ಯಸ್ವಭಾವವನ್ನು ಕುರಿತು ಭೋಳೆಯಾಗಿದ್ದವನಲ್ಲ. ಆದರೂ ಅವನೇ ಒಂದು ಎಚ್ಚರಿಕೆಯನ್ನು ಸೇರಿಸಿದ್ದಾನೆ: ನೀರಿಗೆ ವಿಷ ಬೆರೆಸಿದಂತೆ, ಪರೀಕ್ಷೆಯ ಹೆಸರಿನಲ್ಲಿ ಕೆಡದವನನ್ನು ಕೆಡಿಸಬಾರದೆಂಬುದು ಅದರ ತಾತ್ಪರ್ಯ. ಕೆಟ್ಟ ಬುದ್ಧಿಯು ಮತ್ತೆ ಮೊದಲಿನ ಸ್ಥಿತಿಗೆ ಬರುವುದು ಕಷ್ಟ.

ಇಂದಿನ ಸಂದರ್ಶಕರು ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು. ಒಪ್ಪಿಕೊಂಡ ದೌರ್ಬಲ್ಯಕ್ಕಾಗಿ ಅಭ್ಯರ್ಥಿಯನ್ನು ತಳ್ಳಿಹಾಕಿ, ಬಣ್ಣ ಬಳಿದ ಉತ್ತರಕ್ಕಾಗಿ ಆರಿಸಿಕೊಂಡರೆ, ಅವರು ತಮ್ಮ ಕೈಯಾರೆ ಒಳ್ಳೆಯ ನೀರಿಗೆ ವಿಷ ಬೆರೆಸುತ್ತಿದ್ದಾರೆ. ಸುಳ್ಳು ಹೇಳಿದರೆ ಗೆಲುವು, ನಿಜ ಹೇಳಿದರೆ ಸೋಲು ಎಂಬ ಪಾಠವನ್ನು ಅವರೇ ಕಲಿಸಿ, ಅದೇ ಪಾಠ ಕಲಿತವನ ಕೈಗೆ ತಮ್ಮ ಬೀಗದ ಕೈಯನ್ನು ಕೊಡುತ್ತಾರೆ. ನಾಲ್ಕೈದು ಸುತ್ತು ಅಲೆದಾಡಿಸಿ, ಬಳಿಕ ಆಯ್ಕೆಯಾಯಿತೆಂದಾಗಲಿ ಇಲ್ಲವೆಂದಾಗಲಿ ಒಂದು ಸಾಲನ್ನೂ ಬರೆಯದೆ ತಿಂಗಳುಗಟ್ಟಲೆ ಮೌನವಾಗಿರುವುದು ಬಹು ಮಂದಿ ಅಭ್ಯರ್ಥಿಗಳ ಅನುಭವ. ಹೆಣ್ಣುಮಕ್ಕಳನ್ನು, ಮದುವೆಯಾದ ಮೇಲೆ ಕೆಲಸದಲ್ಲಿ ಉಳಿಯುವಿರಾ ಎಂದು ಕೇಳುವುದೂ ನಿಂತಿಲ್ಲ. ಇವೆಲ್ಲವೂ ಸಂದರ್ಶನವೆಂಬ ಹೆಸರಿಗೆ ಒಪ್ಪುವಂತಹವಲ್ಲ. ಚೆನ್ನಾಗಿ ನೋಡುವುದು ಆ ಶಬ್ದದ ಅರ್ಥವಾದರೆ, ಎದುರಿಗಿರುವವನು ಮನುಷ್ಯನೆಂದು ಕಾಣುವುದೇ ಅದರ ಮೊದಲ ಮೆಟ್ಟಿಲು.

ಅಭ್ಯರ್ಥಿಗೂ ನೋಡುವ ಹಕ್ಕಿದೆ. ಎಷ್ಟೋ ಸಂದರ್ಶನಗಳಲ್ಲಿ ಒಂದು ಪ್ರಶ್ನೆ ಬರುತ್ತದೆ: ಸರಕು ಇನ್ನೂ ಗೋದಾಮಿನಲ್ಲಿಯೇ ಇರುವಾಗ, ವರ್ಷದ ಕೊನೆಯ ದಿನ, ಅದನ್ನು ಮಾರಾಟವಾಯಿತೆಂದು ಬರೆಯಲು ಮೇಲಧಿಕಾರಿ ಹೇಳಿದರೆ ನೀವೇನು ಮಾಡುವಿರಿ? ಒಳ್ಳೆಯ ಉತ್ತರ ಕಠಿಣವಲ್ಲ. ಸರಕಿನ ಒಡೆತನ ಕೊಂಡವನ ಕೈಸೇರಿತೇ ಇಲ್ಲವೇ ಎಂಬುದನ್ನು ಕಾಗದಪತ್ರಗಳಿಂದ ಮೊದಲು ನಿಶ್ಚಯಿಸುವುದು. ಸೇರಿಲ್ಲವಾದರೆ ಬರೆಯಲಾಗದೆಂದು ವಿನಯದಿಂದ, ಲಿಖಿತವಾಗಿ ತಿಳಿಸುವುದು. ಒತ್ತಾಯ ಮುಂದುವರಿದರೆ ಲೆಕ್ಕಪರಿಶೋಧನಾ ಸಮಿತಿಯವರೆಗೂ ಹೋಗುವುದು. ಉತ್ತರಕ್ಕಿಂತಲೂ, ಅದನ್ನು ಕೇಳಿದ ಮೇಲೆ ಎದುರಿಗಿದ್ದವರ ಮುಖ ಅರಳಿತೋ ಬಾಡಿತೋ ಎಂಬುದನ್ನು ಅಭ್ಯರ್ಥಿಯು ಗಮನಿಸಬೇಕು. ಈ ಉತ್ತರಕ್ಕಾಗಿ ಯಾವ ಮನೆಯು ಅವನನ್ನು ಬೇಡವೆನ್ನುತ್ತದೆಯೋ ಆ ಮನೆಗೆ ಅವನು ಹೋಗದೆ ಉಳಿದುದು ನಷ್ಟವಲ್ಲ.

ಇನ್ನು ಗೃಹಸ್ಥರ ಧರ್ಮ. ಮಗನೋ ಮಗಳೋ ಸಂದರ್ಶನದಿಂದ ಮರಳಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಯಾವುದು? ಆಯಿತೇ, ಎಷ್ಟು ಲಕ್ಷ ಎಂಬುದು. ನೆಂಟರ ಮಗನಿಗೆ ಎಷ್ಟು ದೊರೆತಿದೆಯೆಂಬುದು ಎರಡನೆಯದು. ಮಕ್ಕಳು ಸುಳ್ಳನ್ನು ಕಲಿಯುವುದು ತರಬೇತಿಯ ಶಾಲೆಯಲ್ಲಿ ಮಾತ್ರವಲ್ಲ. ಸೋತು ಬಂದ ದಿನ ಮನೆಯ ಪಡಸಾಲೆಯಲ್ಲಿ ಬೀಳುವ ಮೌನದಿಂದಲೂ ಕಲಿಯುತ್ತಾರೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹೇಳಿದರು. ಆ ಮನೆಯಲ್ಲಿ ಬಡತನವಿತ್ತು; ಆದರೂ ತಂದುದು ಎಷ್ಟೆಂಬುದಕ್ಕಿಂತ ತಂದ ಬಗೆ ಹೇಗೆಂಬುದನ್ನು ಮೊದಲು ಕೇಳುವ ಒಬ್ಬ ಸತಿ ಬಾಗಿಲಲ್ಲಿ ನಿಂತಿದ್ದಳು. ಇಂದಿನ ಮನೆಗಳಲ್ಲಿಯೂ ಅಂತಹ ಒಂದು ಪ್ರಶ್ನೆ ಇರಬೇಕು. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದೆಯಾ, ತಿಳಿಯದುದನ್ನು ತಿಳಿಯದೆಂದು ಹೇಳಲು ಅಂಜಿದೆಯಾ ಎಂದು ತಂದೆತಾಯಿಗಳು ಕೇಳುವ ಮನೆಯ ಮಗು ಮೇಜಿನ ಈಚೆಗೆ ಒಂಟಿಯಾಗಿ ಕುಳಿತಿರುವುದಿಲ್ಲ.

ನಿಜ ಹೇಳಿದವನಿಗೆ ಹುದ್ದೆ ದೊರೆತೇ ದೊರೆಯುವುದೆಂದು ಯಾರೂ ಭರವಸೆ ಕೊಡಲಾರರು. ಸತ್ಯವನ್ನು ಫಲದ ಆಸೆ ತೋರಿಸಿ ಬೋಧಿಸುವುದೂ ಒಂದು ಬಗೆಯ ವ್ಯಾಪಾರವೇ. ಕೆಲವೊಮ್ಮೆ ನಷ್ಟವಾಗುತ್ತದೆ, ಕೆಲವೊಮ್ಮೆ ಆ ನಷ್ಟ ದೊಡ್ಡದಾಗಿರುತ್ತದೆ. ಒಂದು ವರ್ಷ ಹೆಚ್ಚು ಕಾಯಬೇಕಾದೀತು. ಚಿಕ್ಕ ಕಂಪನಿಯಲ್ಲಿ ಕಡಿಮೆ ಸಂಬಳಕ್ಕೆ ಸೇರಬೇಕಾದೀತು. ಆದರೆ ಸವಕಳಿಯ ಲೆಕ್ಕದಲ್ಲಿ ಕಂಡಂತೆ, ಒಂದು ಪಟ್ಟಿಯಲ್ಲಿ ಲಾಭ ಕುಗ್ಗಿದ ಕಾಲಕ್ಕೆ ಮತ್ತೊಂದರಲ್ಲಿ ಶಿಲ್ಕು ಏರುವುದೂ ಉಂಟು. ಎರಡನ್ನೂ ಒಟ್ಟಿಗೆ ನೋಡದವನು ಲೆಕ್ಕವನ್ನು ಅರಿತವನಲ್ಲ.

ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗಾಗಿ ಸೂರೆಗೊಡುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದಾಗ, ಭಂಡಾರವನ್ನು ತೆರೆದು ಎಣಿಸಿ ನೋಡಲಾಯಿತೆಂದೂ ಅಲ್ಲಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪುರಾಣಗಳು ಅದನ್ನು ಪವಾಡವೆಂದು ಹಾಡಿವೆ. ಗೃಹಸ್ಥನಾದವನು ಅದರಿಂದ ಕಲಿಯಬೇಕಾದುದು ಇಷ್ಟು: ಎಣಿಸಿ ನೋಡಿರೆಂದು ಯಾವ ಹೊತ್ತಿನಲ್ಲಿಯಾದರೂ ಬೀಗದ ಕೈಯನ್ನು ಮುಂದಿಡಬಲ್ಲ ಧೈರ್ಯವೇ ಭಂಡಾರಿಗೆ ಇರಬೇಕಾದ ಮುಖ್ಯ ಅರ್ಹತೆ. ಪದವಿಪತ್ರಗಳು ಅದರ ಅನಂತರದವು. ಅಂತಹ ಧೈರ್ಯವು ಹುದ್ದೆಗೆ ಸೇರಿದ ಮೇಲೆ ಬರುವುದಿಲ್ಲ. ತನ್ನ ಬಾಳಿನ ಕಿರ್ದಿಯನ್ನು ಸಂದರ್ಶಕರ ಮುಂದೆ ಇದ್ದಂತೆಯೇ ಬಿಚ್ಚಿಡುವ ಆ ಅರ್ಧಗಂಟೆಯಲ್ಲಿಯೇ ಅದರ ಅಭ್ಯಾಸ ಆರಂಭವಾಗಬೇಕು. ಸದ್ಗೃಹಸ್ಥರು ತಮ್ಮ ಮಕ್ಕಳನ್ನು ಕೆಲಸಕ್ಕೆ ಕಳುಹಿಸುವಾಗ ಒಳ್ಳೆಯ ಬಟ್ಟೆಯನ್ನೂ ದಾರಿಯ ವೆಚ್ಚವನ್ನೂ ಕೊಡುವಂತೆ, ಈ ಒಂದು ಮಾತನ್ನೂ ಕಟ್ಟಿಕೊಟ್ಟು ಕಳುಹಿಸಲಿ.